ಒಕ್ಕಣ್ಣನ ಎರಡನೇ ಕಣ್ಣು

ಅವನು ಅಂಗಡಿಗೆ ಬಂದಿದ್ದು ದೋಣಿಯ ಮೇಲೆ ಹೆಸರು ಬರೆಸಲು. ನಿಂತಿದ್ದು ಮಾತ್ರ ನಾನು ಒಣಗಲು ಇಟ್ಟಿದ್ದ ಪೋಸ್ಟರಿನ ಮುಂದೆ.

"ಯಾರ್ರೀ ಈ ರಾಕ್ಷಸ?"

"ಒಕ್ಕಣ್ಣ. ಕಡಲುಗಳ್ಳ. ಹಿಡಿದುಕೊಟ್ಟರೆ ಬಹುಮಾನ ಇದೆ. ನೀವೇನಾದ್ರೂ ನೋಡಿದೀರಾ?"

"ದಿನಾ ನೋಡ್ತೀನಿ, ಮುಖ ತೊಳೆಯುವಾಗ."

ತಲೆಹರಟೆ ಅಂದುಕೊಂಡು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅವನ ಎರಡೂ ಕಣ್ಣು ಸರಿಯಾಗಿದ್ದವು, ಎರಡೂ ನನ್ನ ಮೇಲೇ ಇದ್ದವು.

ನಮ್ಮ ಅಂಗಡಿಯಲ್ಲಿ ಅಣ್ಣ ಅಕ್ಷರ ಬರೆಯುತ್ತಾನೆ, ತಂಗಿಯಾದ ನಾನು ಮುಖ. ಬಂದರಿನ ಆಫೀಸರು ಸಾಕ್ಷಿಯನ್ನು ಕರೆತಂದು ಕೂರಿಸುತ್ತಾರೆ. ಸಾಕ್ಷಿ ಹೇಳಿದಂತೆ ನಾನು ಬರೆಯಬೇಕು. ಆ ಮುಖಕ್ಕೆ ಹೋಲಿ ಸಿಕ್ಕಿಬಿದ್ದವರೆಲ್ಲ ನೇಣಿಗೆ ಹೋಗಿದ್ದಾರೆ. ಒಕ್ಕಣ್ಣನ ವಿಷಯದಲ್ಲಿ ಮಾತ್ರ ಬಾಯಿಗೆ ಬಂದದ್ದೇ ಸಾಕ್ಷಿ. ಒಬ್ಬ ಕಂಬದಷ್ಟು ಎತ್ತರ ಎಂದ, ಇನ್ನೊಬ್ಬ ಹಲ್ಲೆಲ್ಲ ಕಬ್ಬಿಣ ಎಂದ. ಮುಖಕ್ಕೆ ಸದಾ ಬಟ್ಟೆ ಸುತ್ತಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದವನ ಇನ್ನೊಂದು ಕಣ್ಣು ಬಿಟ್ಟು ಬೇರೇನೂ ಯಾರಿಗೂ ಕಂಡಿರಲಿಲ್ಲ.

ಅವನು ಮತ್ತೆ ಮತ್ತೆ ಬಂದ. ಬಣ್ಣ ಮಾಸಿದೆ ಎಂದು ಬಂದ, ಅಕ್ಷರ ಸೊಟ್ಟಗಿದೆ ಎಂದು ಬಂದ. ಅಣ್ಣನಿಗೆ ಮೈಯೆಲ್ಲ ಉರಿ.

"ಇಷ್ಟು ಲಕ್ಷಣವಾದ ಕಣ್ಣಿಗೆ ಯಾಕೆ ಪಟ್ಟಿ ಕಟ್ಕೋತಿದ್ದೆ?" ಎಂದು ಒಂದು ಸಂಜೆ ಕೇಳಿದೆ. ಅಷ್ಟು ಹೊತ್ತಿಗೆ ಅವನ್ಯಾರೆಂದು ನಂಬಿದ್ದೆ, ನೀನು ಎನ್ನುವಷ್ಟು ಹತ್ತಿರವೂ ಆಗಿದ್ದೆ.

"ಬಿಸಿಲಿಂದ ಹಡಗಿನ ಒಳಗಿಳಿದ್ರೆ ಏನೂ ಕಾಣಲ್ಲ. ಮುಚ್ಚಿಟ್ಟ ಕಣ್ಣು ಬಿಚ್ಚಿದ್ರೆ ಕತ್ತಲಲ್ಲೂ ಕಾಣತ್ತೆ."

"ಯಾರನ್ನಾದ್ರೂ ಕೊಂದಿದೀಯಾ?"

"ಒಬ್ಬನ್ನ. ನಿನಗೆ ಸುಳ್ಳು ಹೇಳಲ್ಲ. ಅವತ್ತೇ ಕತ್ತಿ ಬಿಸಾಕಿ ಹಡಗಿಂದ ಇಳಿದೆ. ಅವನು ಈಗಲೂ ಕನಸಲ್ಲಿ ಬರ್ತಾನೆ."

ಎದ್ದು ಹೋಗು ಅನ್ನಬೇಕಿತ್ತು. ನಾನು ಅವನ ಕೈ ಹಿಡಿದುಕೊಂಡೆ. ಪ್ರೀತಿಸುತ್ತಿದ್ದೆ, ಅಷ್ಟೇ.

ಒಂದು ಬೆಳಿಗ್ಗೆ ಆಫೀಸರು ಹಡಗಿನ ಅಡುಗೆಯವನೊಬ್ಬನನ್ನು ಕರೆತಂದರು. ಲೂಟಿಯಾದ ದಿನ ಬಾಯಾರಿ ಬಿದ್ದಿದ್ದ ಅವನಿಗೆ ಒಕ್ಕಣ್ಣ ನೀರು ಕುಡಿಸಿ, ಬಟ್ಟೆ ಸರಿಸಿ ತಾನೂ ಕುಡಿದಿದ್ದನಂತೆ. ಕರುಣೆ ತೋರಿಸಿದ್ದಕ್ಕೆ ಮುಖ ಸಿಕ್ಕಿಬಿದ್ದಿತ್ತು.

ನಾನು ಮೂಗು ದಪ್ಪ ಮಾಡಿದೆ. "ಅಲ್ಲಮ್ಮ, ತೆಳ್ಳಗೆ." ಹುಬ್ಬನ್ನು ಮೇಲೆ ಬರೆದೆ. "ಇನ್ನೂ ಕೆಳಗೆ." ಆಫೀಸರು ಬೆನ್ನ ಹಿಂದೆಯೇ ನಿಂತಿದ್ದರು. ಅವನು ಹೇಳುತ್ತ ಹೋದ, ನಾನು ತಿದ್ದುತ್ತ ಹೋದೆ, ನೋಡನೋಡುತ್ತ ನನ್ನವನೇ ಕಾಗದದ ಮೇಲೆ ಬಂದುಬಿಟ್ಟ. ಅವನನ್ನು ನೋಡಿ ವಾರವಾಗಿತ್ತು. ಮೈಮರೆತೆ. ಗಲ್ಲದ ಕೆಳಗೆ ಗಾಯದ ಸಣ್ಣ ಗೆರೆಯೊಂದನ್ನು ಎಳೆದೆ.

"ಅಯ್ಯೋ, ಹೌದು!" ಎಂದ ಅಡುಗೆಯವನು. "ಅಲ್ಲೊಂದು ಗಾಯದ ಗುರುತಿತ್ತು. ನಾನೇ ಹೇಳೋಕೆ ಮರೆತಿದ್ದೆ. ನಿಮಗೆ ಹೇಗಮ್ಮ ಗೊತ್ತಾಯ್ತು?"

ಆಫೀಸರು ಗೆರೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಾಳೆ ಬೆಳಿಗ್ಗೆ ಕಚೇರಿಗೆ ಬಾಮ್ಮ" ಎಂದು ಪೋಸ್ಟರ್ ಎತ್ತಿಕೊಂಡು ಹೊರಟರು.

ಸಂಜೆ ಅವನು ಹಿಂಬಾಗಿಲಿಗೆ ಬಂದ. ಎಲ್ಲ ಹೇಳಿದೆ.

"ನಾನೇ ಹೋಗಿ ಶರಣಾಗ್ತೀನಿ. ನಿನ್ನ ಬಿಟ್ಬಿಡ್ತಾರೆ."

"ನೀನೇ ಇಲ್ಲದ ಮೇಲೆ ನನ್ನ ಬಿಟ್ಟರೆಷ್ಟು, ಹಿಡಿದರೆಷ್ಟು?" ಅಳು ತಡೆಯಲಾಗಲಿಲ್ಲ. "ನಾನೂ ಬರ್ತೀನಿ ಕಣೋ. ಕರ್ಕೊಂಡು ಹೋಗು."

ಹಿಂದೆ ಅಣ್ಣ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ. ಅವನು ಒಳಗೆ ಹೋಗಿ ನನ್ನ ಬಟ್ಟೆಗಳನ್ನು ಗಂಟು ಕಟ್ಟಿ ತಂದು ಒಕ್ಕಣ್ಣನ ಕೈಗೆ ಕೊಟ್ಟ.

"ಇವಳ ಕಣ್ಣಲ್ಲಿ ನೀರು ತರಿಸಿದ್ಯೋ, ನಾನೇ ಬಂದು ನಿನ್ನ ಹಿಡಿದುಕೊಡ್ತೀನಿ."

"ನಾಳೆ ನನ್ನ ಮುಖಾನೂ ಗೋಡೆಗೆ ಬೇಕು ಅಂತಾರಲ್ಲ ಅಣ್ಣ," ಎಂದೆ. "ಬರೆಯೋಕೆ ನಿನ್ನನ್ನೇ ಕೂರಿಸ್ತಾರೆ."

ಅಣ್ಣ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ನೋಡಿದ.

"ಹುಟ್ಟಿದಾಗಿಂದ ನೋಡ್ತಿರೋ ಮುಖ ಕಣೇ. ತಪ್ಪಾಗಿ ಬರೆಯೋದು ತುಂಬಾ ಕಷ್ಟ. ಆದ್ರೂ ಬರೀತೀನಿ, ಹೋಗು."