ಮಂಕು ಅಂತ ಬರೆದವನು

"ಒಗಾತಾ ಶೂಗೊ ಅನ್ನೋರು ನೀವೇನಾ?"

ಕಾಮಿಸುವಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿರುವ ಬಿಸಿನೀರ ಬುಗ್ಗೆಯ ತೊಟ್ಟಿಯಲ್ಲಿ ಪ್ಯಾಂಟು ಮಡಚಿ, ಕಾಲು ಇಳಿಬಿಟ್ಟು, ಕಣ್ಣುಮುಚ್ಚಿ ಕುಳಿತಿದ್ದ ಯುವಕ ಬೆಚ್ಚಿಬಿದ್ದ.

ಎದುರಿಗೆ ಒಬ್ಬ ಹುಡುಗಿ. ಸೊಂಟದ ಮೇಲೆ ಎರಡೂ ಕೈ. ಮೂಗು ಕೆಂಪು.

"ಹೌದು... ತಾವು?"

"ಹೋದ ವರ್ಷ ನಿಮ್ಮ ಪತ್ರಿಕೆಯಲ್ಲಿ ಒಂದು ಲೆನ್ಸನ್ನ 'ಮಂಕು' ಅಂತ ಬರೆದ್ರಲ್ಲ, ಆ ಲೆನ್ಸ್ ಮಾಡಿದವರ ಮಗಳು! ಅಂಕಣದಲ್ಲಿ ಫೋಟೋ ಹಾಕ್ಕೋತೀರಲ್ಲ, ದೂರದಿಂದಲೇ ಗುರುತು ಸಿಕ್ತು."

ಶೂಗೊ ಅತ್ತಿತ್ತ ನೋಡಿದ. ಸಾಕ್ಸ್ ಆಚೆ ಬೆಂಚಿನ ಮೇಲಿತ್ತು. ಒದ್ದೆ ಕಾಲಿನಲ್ಲಿ ಎಲ್ಲಿಗೆ ಓಡುವುದು?

ಮಿಯಾಸಾಕಾ ಮನೆಯ ತೊಮೊಯೆಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಸುವಾ ಸರೋವರದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಪಾಪ, ಟೋಕಿಯೊದಿಂದ ಬಂದವನಿಗೆ ಹೇಗೆ ಗೊತ್ತಿರಬೇಕು!

"ನಿಮಗದು ಒಂದು ಪದ ಅಷ್ಟೇ. ಅವತ್ತಿಂದ ಅಪ್ಪನ ಮುಖದಲ್ಲಿ ನಗು ನೋಡಿಲ್ಲ ನಾನು. ಆರ್ಡರ್ ಎಲ್ಲ ನಿಂತೋಯ್ತು. ಹೊಸ ಲೆನ್ಸನ್ನೂ ಯಾರೂ ತಿರುಗಿ ನೋಡದಿದ್ರೆ, ಮೆಷಿನ್ ಮಾರಿ ಬಾಗಿಲು ಹಾಕ್ತೀನಿ ಅಂತಿದಾರೆ. ಗೊತ್ತಾ?"

ಶೂಗೊ ಮೆಲ್ಲಗೆ ಕೇಳಿದ.

"ಆ ಪದದ ಮುಂದೆ ಇನ್ನೊಂದು ಸಾಲಿತ್ತು. ಓದಿದ್ರಾ?"

"ಯಾವ ಸಾಲು?"

"'ಆದರೆ ಕೂದಲೆಳೆಯಷ್ಟು ಸಣ್ಣ ವಿವರವನ್ನೂ ಬಿಡದೆ ಹಿಡಿಯುತ್ತದೆ' ಅಂತ."

ತೊಮೊಯೆ ಓದಿರಲಿಲ್ಲ. 'ಮಂಕು' ಕಂಡ ಕೂಡಲೇ ಪತ್ರಿಕೆ ಒಲೆಗೆ ಹೋಗಿತ್ತು!

"ಶಾರ್ಪ್‌ನೆಸ್ ಬೇರೆ, ಕಾಂಟ್ರಾಸ್ಟ್ ಬೇರೆ," ಎಂದ ಶೂಗೊ. "ನಾನು ಮಂಕು ಅಂದದ್ದು ಕಾಂಟ್ರಾಸ್ಟಿಗೆ. ಕಪ್ಪು ಕಡುಗಪ್ಪಾಗಿ, ಬಿಳುಪು ಅಪ್ಪಟ ಬಿಳುಪಾಗಿ ಬಂದ್ರೆ ಚಿತ್ರ ಕಣ್ಣಿಗೆ ಹೊಡೆಯುತ್ತೆ. ಜನ ಅದನ್ನೇ ಶಾರ್ಪ್ ಅಂದ್ಕೋತಾರೆ. ಆದ್ರೆ..."

"ಲೆನ್ಸ್ ಉಜ್ಜೋರ ಮನೇಲಿ ಹುಟ್ಟಿದವಳಿಗೆ ಪಾಠನಾ? ಸಾರಿಗೆ ಮಿಸೊ ಪೇಸ್ಟು ಕಡಿಮೆಯಾದ್ರೆ ಆಮೇಲೆ ಕದಡಬಹುದು, ತರಕಾರಿನೇ ಹಾಕದೆ ಇಳಿಸಿದ್ರೆ ಎಲ್ಲಿಂದ ತರೋದು ಅಂತಾರೆ ಅಪ್ಪ. ಕಾಂಟ್ರಾಸ್ಟನ್ನ ಪ್ರಿಂಟ್ ಹಾಕುವಾಗ ಹೆಚ್ಚಿಸ್ಕೋಬಹುದು. ಲೆನ್ಸ್ ಹಿಡೀದೆ ಬಿಟ್ಟ ವಿವರ ಮತ್ತೆ ಬರಲ್ಲ."

ಅವನು ಜೋರಾಗಿ ನಕ್ಕುಬಿಟ್ಟ. "ಇದನ್ನ ನಾನು ಬರೀಬೇಕಿತ್ತು! ಅಂದಹಾಗೆ, ನಾನೀಗ ನಿಮ್ಮನೆಗೇ ಹೊರಟಿದ್ದು. ರೇಂಜ್‌ಫೈಂಡರ್ ಕ್ಯಾಮೆರಾದ ಐದು ವೈಡ್ ಲೆನ್ಸ್ ಹೋಲಿಸಿ ಬರೀತಿದೀನಿ. ನಿಮ್ಮ ತಂದೆಯ ಹೊಸ ಲೆನ್ಸೂ ಬೇಕು."

ಅಯ್ಯೋ! ಮನೆಗೆ ಬರೋ ಅತಿಥಿಗೇ ಮಂಗಳಾರತಿ ಎತ್ತಿಬಿಟ್ಟೆನಾ! ತೊಮೊಯೆ ಓಡಿಹೋಗಿ ಅವನ ಸಾಕ್ಸ್ ತಂದು ಎರಡೂ ಕೈಯಲ್ಲಿ ಒಪ್ಪಿಸಿದಳು.

ಅವಳ ಅಪ್ಪ ಗೆಂಗೊ ಹೆಚ್ಚು ಮಾತಾಡುವವರಲ್ಲ. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಶೂಗೊ ಕೈಗಿಟ್ಟರು.

"ಇವಳನ್ನ ಜೊತೆಗೆ ಕರ್ಕೊಂಡ್ಹೋಗಿ. ಮೋಸ ಮಾಡಿದ್ರೆ ಇವಳು ಬಿಡಲ್ಲ."

"ಗೊತ್ತಾಗಿದೆ," ಎಂದ ಶೂಗೊ.

ಇಡೀ ದಿನ ಇಬ್ಬರೂ ಸರೋವರದ ದಂಡೆ ಸುತ್ತಿದರು. ಅದೇ ಕ್ಯಾಮೆರಾ, ಅದೇ ಜಾಗ. ಲೆನ್ಸ್ ಮಾತ್ರ ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ರೋಲ್. ಸಾಕೆ ಮದ್ಯದಂಗಡಿಯ ಗೋಡೆ ಬರಹ, ಎಲೆ ಉದುರಿದ ಪರ್ಸಿಮನ್ ಮರ, ಕಟ್ಟಿಹಾಕಿದ ದೋಣಿಗಳು. ಪ್ರತಿ ಚಿತ್ರದಲ್ಲೂ ತೊಮೊಯೆಯನ್ನು ಅಂಚಿಗೆ ತಳ್ಳುವುದೇ ಅವನ ಕೆಲಸ.

"ಇನ್ನೂ ಪಕ್ಕಕ್ಕೆ... ಇನ್ನೂ ಸ್ವಲ್ಪ..."

"ಇನ್ನೂ ಪಕ್ಕಕ್ಕೆ ಹೋದ್ರೆ ನೀರಿಗೆ ಬೀಳ್ತೀನಿ!"

"ಏನ್ ಮಾಡ್ಲಿ? ಮಧ್ಯದಲ್ಲಿ ಎಲ್ಲಾ ಲೆನ್ಸೂ ಒಳ್ಳೇವೇ. ಬಣ್ಣ ಬಯಲಾಗೋದು ಮೂಲೇಲಿ."

"ಗಂಡಸರೂ ಹಾಗೇನೆ!"

ಮಧ್ಯಾಹ್ನ ಸೋಬಾ ನೂಡಲ್ಸ್ ತಿನ್ನುವಾಗ ತನ್ನ ತಟ್ಟೆಯ ಕರಿದ ಸಿಗಡಿ ತೆಂಪುರಾವನ್ನು ಅವನು ಸದ್ದಿಲ್ಲದೆ ಅವಳ ತಟ್ಟೆಗೆ ಸರಿಸಿದ. ನೋಡದವಳಂತೆ ತಿಂದುಬಿಟ್ಟಳು. ಬೆಳಿಗ್ಗೆ ಇವನ ಮೇಲೆ ಕೋಪ ಇತ್ತು ತಾನೆ? ಎಲ್ಲಿ ಹೋಯ್ತು ಆ ಕೋಪ? ಎಷ್ಟು ಹುಡುಕಿದರೂ ಸಿಗಲಿಲ್ಲ!

ಕೊನೆಗೆ ಉಳಿದದ್ದು ಅಪ್ಪನ ಲೆನ್ಸ್. ಅಷ್ಟರಲ್ಲಿ ಬಿಸಿಲು ಇಳಿದು ನೀರೆಲ್ಲ ಹೊಂಬಣ್ಣವಾಗಿತ್ತು. ತೊಮೊಯೆ ತಾನಾಗಿಯೇ ಮೂಲೆಗೆ ಹೋಗಿ ನಿಂತಳು.

"ಈಗ... ಮಧ್ಯಕ್ಕೆ ಬನ್ನಿ," ಎಂದ ಶೂಗೊ.

"ಮಧ್ಯದಲ್ಲಿ ನೋಡೋದೇನಿಲ್ಲ ಅಂದ್ರಿ?"

"ಅಂದೆ... ಆದ್ರೂ ಬನ್ನಿ."

ಅವನು ಕ್ಯಾಮೆರಾ ಕಣ್ಣಿಗಿಟ್ಟವನು ಇಳಿಸಲೇ ಇಲ್ಲ. ರೋಲ್ ಪೂರ್ತಿ ಅವಳೇ. ಇವನು ಲೆನ್ಸ್ ನೋಡುತ್ತಿದ್ದಾನೋ, ನನ್ನನ್ನೋ?

"ಸಂಚಿಕೆ ಬಂದ ದಿನ ನಾನೇ ಫೋನ್ ಮಾಡ್ತೀನಿ," ಎಂದು ಹೇಳಿ ಅವನು ರೈಲು ಹತ್ತಿದ.

ಸಂಚಿಕೆ ಬಂತು. ಫೋನ್ ಬರಲಿಲ್ಲ.

ತೊಮೊಯೆ ಪುಸ್ತಕದಂಗಡಿಯಲ್ಲಿ ನಿಂತಲ್ಲೇ ಪುಟ ತಿರುವಿದಳು. ಹೋಲಿಕೆಯಲ್ಲಿ ನಾಲ್ಕೇ ಲೆನ್ಸ್. ಮತ್ತೆ ತಿರುವಿದಳು. ನಾಲ್ಕೇ! ಅಪ್ಪನ ಲೆನ್ಸ್ ಇಲ್ಲ, ಅಪ್ಪನ ಹೆಸರೂ ಇಲ್ಲ.

ಮಂಕು ಅಂತಾದರೂ ಬರೆಯಬಾರದಿತ್ತೇ! ಆ ನಗು, ಆ ತೆಂಪುರಾ, 'ಮಧ್ಯಕ್ಕೆ ಬನ್ನಿ' ಅಂದದ್ದು... ಎಲ್ಲಾ ನಾಟಕವೇ? ಕಣ್ಣೀರು ತಡೆಯದೆ ದಾರಿಯುದ್ದಕ್ಕೂ ಅತ್ತಳು.

ಅವಳು ಕೊಂಡು ತಂದ ಪತ್ರಿಕೆಯನ್ನು ಅಪ್ಪ ನಿಧಾನವಾಗಿ ಓದಿ ಮುಚ್ಚಿಟ್ಟರು.

"ಮೆಷಿನ್ ಕೊಳ್ತೀವಿ ಅಂದಿದ್ದ ಒಕಾಯಾದವರಿಗೆ ಫೋನ್ ಮಾಡಮ್ಮ. ಶನಿವಾರ ಲಾರಿ ತಂದು ಮೆಷಿನ್ ತಗೊಂಡ್ಹೋಗ್ಲಿ."

"ಅಪ್ಪಾ..."

"ಬೈದ್ರೆ ತಡ್ಕೋಬಹುದು ಕಣಮ್ಮ. ನೋಡ್ಲೇ ಇಲ್ಲ ಅಂದ್ರೆ ಯಾರಿಗೋಸ್ಕರ ಮಾಡ್ಲಿ?"

ಶನಿವಾರ ಬೆಳಿಗ್ಗೆ ಲಾರಿಗಿಂತ ಮೊದಲು ಬಂದವನು ಶೂಗೊ! ಸ್ಟೇಷನ್ನಿನಿಂದ ಓಡಿಕೊಂಡೇ ಬಂದು ಏದುಸಿರು ಬಿಡುತ್ತಿದ್ದ. ಅಂಗಳ ಗುಡಿಸುತ್ತಿದ್ದ ತೊಮೊಯೆ ಪೊರಕೆ ಅಡ್ಡ ಹಿಡಿದಳು.

"ಯಾವ ಮುಖ ಇಟ್ಕೊಂಡು ಬಂದ್ರಿ?"

"ಬೈಯಿರಿ, ಹೊಡೀರಿ... ಮೊದಲು ನಿಮ್ಮ ತಂದೇನ ನೋಡ್ಬೇಕು."

ಒಳಗೆ ಹೋದವನೇ ಗೆಂಗೊ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಅವರ ಲೆನ್ಸಿನಲ್ಲಿ ತೆಗೆದು ಡೆವಲಪ್ ಮಾಡಿಸಿದ ಫಿಲ್ಮಿನ ಸುರುಳಿಯನ್ನು ಮುಂದಿಟ್ಟ. ಗೆಂಗೊ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಒಂದು ಗೆರೆಯೂ ಇಲ್ಲ.

ಮುದುಕರ ತುಟಿ ಅದುರಿತು.

"ಮುಚ್ಚಳ?"

"...ಮುಚ್ಚಳ," ಎಂದ ಶೂಗೊ, ತಲೆ ಎತ್ತದೆ.

ಗೆಂಗೊ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ವರ್ಷದ ನಗುವೆಲ್ಲ ಒಟ್ಟಿಗೇ ಬಂದಿತ್ತು!

ರೇಂಜ್‌ಫೈಂಡರಿನ ಶಾಪವೇ ಅದು. ಅದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಪುಟ್ಟ ಕಿಂಡಿಯಲ್ಲಿ ನೋಡುವುದು. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಚೆಂದ ಕಾಣುತ್ತದೆ. ಲೆನ್ಸು, ಕ್ಯಾಮೆರಾ ಮಾಡುವ ನಮ್ಮೂರಲ್ಲಿ ಆ ತಪ್ಪು ಮಾಡದವರು ಯಾರೂ ಇಲ್ಲ. ಆದರೆ ಒಂದು ಚಿತ್ರ, ಹೆಚ್ಚೆಂದರೆ ಎರಡು... ಇಡೀ ರೋಲ್?

"ಲೆನ್ಸ್ ಪರೀಕ್ಷೆ ಮಾಡೋದೇ ಕಸುಬು ನಿಮ್ದು! ಇಡೀ ರೋಲ್ ಮುಚ್ಚಳ ಮರೆತ್ರಾ?" ತೊಮೊಯೆಗೆ ನಂಬಲಾಗಲಿಲ್ಲ. "ಗಮನ ಎಲ್ಲಿತ್ತು?"

ಅವನು ಅವಳನ್ನು ನೋಡಿದ. ಕಿವಿ ಕೆಂಪಾಯಿತು.

"ಫೋನ್ ಮಾಡೋಕೇನು ರೋಗ?" ಅವಳ ದನಿ ತಾನಾಗಿಯೇ ಇಳಿದಿತ್ತು.

"ಯಾಕೆ ಮರೆತ್ರಿ ಅಂತ ಕೇಳ್ತಿದ್ರಿ... ಫೋನಲ್ಲಿ ಹೇಳೋ ಉತ್ತರ ಅಲ್ಲ ಅದು. ನಾಚಿಕೆಯಿಂದ ಹೇಡಿ ಆದೆ. ಪತ್ರಿಕೆ ಅಚ್ಚಿಗೆ ಹೊರಟಿತ್ತು, ಯಾರೂ ಕಾಯಲಿಲ್ಲ. ಕೊನೆಗೆ ಸಂಪಾದಕರಿಗೆ ನಿಜ ಹೇಳಿದೆ. ಮುಂದಿನ ಸಲ ಈ ಲೆನ್ಸಿಗೇ ಎರಡು ಪುಟ ಕೊಟ್ಟಿದಾರೆ. ನನ್ನ ಮುಚ್ಚಳದ ಕಥೇನೂ ಬರೀಬೇಕಂತೆ."

"ಕಾಂಟ್ರಾಸ್ಟ್ ಕಡಿಮೆ ಬಂದ್ರೆ?" ಗೆಂಗೊ ಕೇಳಿದರು.

"ಕಡಿಮೆ ಅಂತಲೇ ಬರೀತೀನಿ."

ತೊಮೊಯೆ ಹಲ್ಲು ಕಚ್ಚಿದಳು. ಈ ಮನುಷ್ಯನಿಗೆ ಒಂದು ಸುಳ್ಳಾದರೂ ಹೇಳಲು ಬರಬಾರದೇ! ಆದರೆ ಅಪ್ಪನ ಮುಖ ಅರಳಿತ್ತು.

"ಸರಿಯಾಗಿ ನೋಡಿ ಬರೆದ್ರೆ ಸಾಕಪ್ಪ. ಹೊಗಳಿಕೆ ಯಾರಿಗೆ ಬೇಕು!"

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ತೊಮೊಯೆ ಪೊರಕೆಯನ್ನು ಬಿಗಿಯಾಗಿ ಹಿಡಿದಳು. ಗೆಂಗೊ ಎದ್ದು, ಉಪ್ಪಿನಲ್ಲಿ ಹಾಕಿಟ್ಟ ನೊಜಾವಾನಾ ಸೊಪ್ಪಿನ ಡಬ್ಬಿಯೊಂದನ್ನು ಕೈಗೆತ್ತಿಕೊಂಡರು.

"ಸುಮ್ನೆ ಲಾರಿ ತಗೊಂಡು ಬಂದಿದಾರೆ, ಬರಿಗೈಲಿ ಹೇಗೆ ಕಳಿಸೋದು? ಇದನ್ನ ಕೊಟ್ಟು, ಮೆಷಿನ್ ಕೊಡಲ್ಲ ಅಂತ ಹೇಳಿ ಬರ್ತೀನಿ."

ಅಪ್ಪಾ! ತೊಮೊಯೆಯ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. ಕಣ್ಣು ತುಂಬಿ ಬಂತು.

ಒಳಗೆ ಇಬ್ಬರೇ ಉಳಿದರು.

"ಅಪ್ಪನ ಹತ್ರ ಕ್ಷಮೆ ಕೇಳಿದ್ದಾಯ್ತು. ನನ್ನ ಹತ್ರ?"

"ನಿಮಗೆ ಏನ್ ಹೇಳ್ಲಿ..."

"ವಿಮರ್ಶಕರಲ್ವಾ? ನನ್ನ ಬಗ್ಗೇನೂ ಹೇಳಿ. ಸುಳ್ಳು ಹೇಳೋ ಹಾಗಿಲ್ಲ."

ಅವನು ಗಂಟಲು ಸರಿಮಾಡಿಕೊಂಡ. "ಶಾರ್ಪ್‌ನೆಸ್... ನಾಲಿಗೆ ಬ್ಲೇಡು. ಕಾಂಟ್ರಾಸ್ಟ್... ಸಿಟ್ಟು ಬಂದ್ರೆ ಅಮಾವಾಸ್ಯೆ, ನಕ್ಕರೆ ಹುಣ್ಣಿಮೆ. ಮೂಲೇಲಿ ನಿಲ್ಲಿಸಿದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ."

"ಪರೀಕ್ಷೆಗೆ ತಗೊಂಡಿದ್ದನ್ನೆಲ್ಲ ಆಮೇಲೆ ವಾಪಸ್ ಕೊಡ್ತೀರಂತೆ?"

"ಲೆನ್ಸಾದ್ರೆ ಕೊಡ್ತೀನಿ." ಅವನು ಅವಳ ಕೈ ಹಿಡಿದ. "ನೀವಂದ್ರೆ ನನಗಿಷ್ಟ, ತೊಮೊಯೆ ಸಾನ್. ತುಂಬಾ ಇಷ್ಟ. ನಿಮ್ಮನ್ನ ಬಿಟ್ಟುಕೊಡೋ ಮಾತೇ ಇಲ್ಲ."

"ಸಾನ್ ಗೀನ್, ನೀವು ಗೀವು ಅನ್ಬೇಡ."

"ಮತ್ತೆ?"

"ನೀನು ಅನ್ನು, ಶೂಗೊ."

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನೀ... ನೀನು... ಅಳ್ತಿದೀಯಾ?"

"ಇಲ್ಲ ಕಣೋ, ನಗ್ತಿದೀನಿ! ಹತ್ರ ಬಂದು ಸರಿಯಾಗಿ ನೋಡು."

ಅವನು ಹತ್ತಿರ ಬಂದು ನೋಡಿದ.