ಮೂರು ಬಡಿತದ ವ್ಯತ್ಯಾಸ

"ನಿಮ್ಮ ಯಂತ್ರ ನಿಮಿಷಕ್ಕೆ ಮೂರು ಬಡಿತ ನುಂಗ್ತಿದೆ."

ಹೊಸ ಎಂಜಿನಿಯರ್ ಅವಳಿಗೆ ಹೇಳಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ.

ಹೃದಯಬಡಿತ ತೋರಿಸುವ ಮಾನಿಟರ್ ತಯಾರಿಸುವ ಪುಟ್ಟ ಕಾರ್ಖಾನೆ ಅದು. ಅವಳು ಅಲ್ಲಿನ ಪರೀಕ್ಷಕಿ. ಕೃತಕ ಬಡಿತ ಕೊಡುವ ಪೆಟ್ಟಿಗೆಯನ್ನು ಮಾನಿಟರ್‌ಗೆ ಜೋಡಿಸಿ, ಎರಡೂ ಒಂದೇ ಹೇಳುತ್ತವೆಯೇ ಎಂದು ನೋಡುವುದು ಕೆಲಸ. ಪೆಟ್ಟಿಗೆಯ ಭಾಷೆ ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಬಡಿತ ಎಂದು. ಮಾನಿಟರ್ ಹೇಳುವುದು ನಿಮಿಷಕ್ಕೆ. ಅರವತ್ತರಿಂದ ಗುಣಿಸಿದರೆ ಆಯಿತು.

ಅವನ ಲೆಕ್ಕಕ್ಕೆ ಎಪ್ಪತ್ತೆಂಟು ಬಂದಿತ್ತು. ಮಾನಿಟರ್ ಎಪ್ಪತ್ತೈದು ಎನ್ನುತ್ತಿತ್ತು.

"ಇನ್ನೊಂದ್ಸಲ ನೋಡಿ," ಎಂದಳು.

"ಲೆಕ್ಕ ಸುಳ್ಳು ಹೇಳಲ್ಲ."

ಅವನ ಕಣ್ಣುಗಳು ಚೆನ್ನಾಗಿದ್ದವು. ಅದು ತನಗೆ ಗೊತ್ತಾಗಿಬಿಟ್ಟಿತಲ್ಲ ಎಂಬುದೇ ಅವಳ ಕೋಪಕ್ಕೆ ತುಪ್ಪ ಸುರಿಯಿತು.

ವಿಷಯ ಮಾಲೀಕರ ಕಿವಿಗೆ ಬಿತ್ತು. ಅವರು ಎಂಜಿನಿಯರ್ ಮಾತನ್ನೇ ನಂಬಿದರು. ವರ್ಷಗಟ್ಟಲೆ ದುಡಿದು ಸಂಪಾದಿಸಿದ ಪರೀಕ್ಷೆಯ ಮೇಜು ಕೈತಪ್ಪಿ, ಅವಳು ಪ್ಯಾಕಿಂಗ್ ಕೋಣೆ ಸೇರಿದಳು. ಬಾಯಿ ಬಿಟ್ಟು ವಾದಿಸದವಳಿಗೆ ಮೇಜೂ ಇಲ್ಲ, ಬಡಿತವೂ ಇಲ್ಲ ಎಂದು ಮನೆಯಲ್ಲಿ ಅಕ್ಕ ಬೈದಳು. ಇವಳು ತಟ್ಟೆ ತೊಳೆಯುತ್ತಾ ಅತ್ತಳು. ಮೇಜು ಹೋದದ್ದಕ್ಕೆ ಅರ್ಧ ಅಳು. ಉಳಿದರ್ಧ ಯಾಕೆ...? ಅಕ್ಕನಿಗೆ ಹೇಳಲಿಲ್ಲ.

ಅವಳ ಮೇಜಿನಲ್ಲಿ ಈಗ ಅವನೇ ಕುಳಿತಿದ್ದ. ಒಂದೊಂದೇ ಮಾನಿಟರ್ ಜೋಡಿಸಿದ. ಎಲ್ಲವೂ ಅದೇ ಮೂರು ಬಡಿತ ಕಡಿಮೆ ತೋರಿಸಿದವು.

ಎಲ್ಲ ಯಂತ್ರಗಳೂ ಮಾತಾಡಿಕೊಂಡು ತಪ್ಪು ಮಾಡ್ತವಾ?

ಪೆಟ್ಟಿಗೆಯತ್ತ ಬಗ್ಗಿ ನೋಡಿದ. ಅಲ್ಲಿದ್ದದ್ದು 1.25. ಅವನು ಎಂದಿನ ಅಭ್ಯಾಸದಂತೆ ಅದನ್ನು ದುಂಡಾಗಿಸಿ 1.3 ಎಂದುಕೊಂಡು, ಆಮೇಲೆ ಗುಣಿಸಿದ್ದ. ಸೆಕೆಂಡಿನಲ್ಲಿ ಅದು ಕಣ್ಣಿಗೂ ಕಾಣದ ತಪ್ಪು. ಹನಿ ಹನಿ ಕೂಡಿದರೆ ಹಳ್ಳ. ಅರವತ್ತು ಸೆಕೆಂಡಿಗೆ ಅದು ಒಬ್ಬಳ ಮೇಜನ್ನೇ ಕೊಚ್ಚಿಕೊಂಡು ಹೋಗಿತ್ತು.

ಎದ್ದವನೇ ನೇರ ಪ್ಯಾಕಿಂಗ್ ಕೋಣೆಗೆ ಬಂದ. ಮಾಲೀಕರನ್ನೂ ಅಲ್ಲಿಗೇ ಕರೆತಂದಿದ್ದ. ಎಲ್ಲರೆದುರು ತಪ್ಪು ತನ್ನದೆಂದ. ಮಾಲೀಕರು ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಮೇಜು ಅವಳದೇ ಎಂದು ಹೇಳಿ ಹೋದರು.

ಅವಳು ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟಳು. ತನ್ನ ಕುರ್ಚಿಗೆ ಮರಳಿ, ಅದರ ಎತ್ತರ ಸರಿಮಾಡಿಕೊಂಡಳು. ಅವನು ಹಿಂದೆಯೇ ಬಂದು ಮೇಜಿನ ಪಕ್ಕ ನಿಂತಿದ್ದ.

"ಬೆರಳು ಕೊಡಿ," ಎಂದಳು. "ಇನ್ಮೇಲೆ ನಿಮ್ಮ ಲೆಕ್ಕ ನಂಬಲ್ಲ. ನೇರ ನೋಡ್ತೀನಿ."

ಮಾನಿಟರ್‌ನ ಕ್ಲಿಪ್ಪನ್ನು ಅವನ ಬೆರಳಿಗೆ ಹಾಕಿದಳು. ಪರದೆಯ ಮೇಲೆ ನೂರೆಂಟು ಮೂಡಿತು.

"ಪೆಟ್ಟಿಗೆ ಭಾಷೇಲಿ ಎಷ್ಟು?"

"ಒಂದು ಪಾಯಿಂಟ್ ಎಂಟು."

"ಎರಡು ಅಂದ್ಕೊಳ್ಳಲಾ?"

"ಬೇಡ. ಇರೋದು ಇದ್ದ ಹಾಗೇ ಇರ್ಲಿ." ಅವನ ದನಿ ತಗ್ಗಿತು. "ನಿಮ್ಮ ಹತ್ರ ನಿಂತಾಗ್ಲೆಲ್ಲ ಇದು ಇಷ್ಟೇ ಇರುತ್ತೆ. ಮೊದಲ ದಿನಾನೂ ಇತ್ತು. ಅದಕ್ಕೇ ಲೆಕ್ಕ ತಪ್ಪಿತೋ ಏನೋ..."

ಅವಳು ಅವನ ಬೆರಳಿನ ಕ್ಲಿಪ್ ತೆಗೆದು ತನ್ನ ಬೆರಳಿಗೆ ಹಾಕಿಕೊಂಡಳು. ಪರದೆಯನ್ನು ಮೆಲ್ಲಗೆ ಅವನತ್ತ ತಿರುಗಿಸಿದಳು.

ನೂರಹದಿನಾಲ್ಕು.

"ಗುಣಿಸೋಕೆ ಬರಲ್ಲ ನಿಮಗೆ," ಎಂದಳು. "ಭಾಗಿಸೋಕಾದ್ರೂ ಬರುತ್ತಾ?"

"ಬರುತ್ತೆ," ಎಂದ. "ಆದ್ರೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಕ್ಲಿಪ್ ತೆಗೀಬೇಡಿ."

ಅವಳು ತೆಗೆಯಲಿಲ್ಲ.