ಫ್ಯಾನಿನ ಅಡಿಯ ಹಾಳೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ... ತಪ್ಪಾಗಿದ್ದರೆ ಕ್ಷಮಿಸಿ.

ಅವಳು ಮೊದಲ ಸಲ ಅವನ ಅಂಗಡಿಗೆ ಬಂದದ್ದೇ ಜಗಳಕ್ಕೆ ನಿಂತವಳ ಹಾಗೆ. ಎದುರಿನ ಶೋರೂಮಿನ ಅರ್ಧ ಬೆಲೆಗೆ ಅಷ್ಟೇ ಶಕ್ತಿಯ ಕಂಪ್ಯೂಟರನ್ನು ಜೋಡಿಸಿಕೊಡುತ್ತಾನಂತೆ! ಬೀದಿಯವರೆಲ್ಲ ಅವನನ್ನು ‘ತಿರುಪು’ ಎಂದೇ ಕರೆಯುತ್ತಿದ್ದರು.

“ಮಧ್ಯದಲ್ಲಿ ಕೈ ಕೊಟ್ರೆ?”

“ಕೊಡಲ್ಲ. ಆದ್ರೆ ಒಂದು ಭಾಗನಾದ್ರೂ ನೀವೇ ಕೂರಿಸ್ಬೇಕು. ಆಗ್ಲೇ ಅದು ನಿಮ್ದಾಗೋದು.”

ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ.

ಅವಳ ಅಪ್ಪ ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿದವರು. ಈಗ ಆ ಗಂಟಲಲ್ಲಿ ಗಡ್ಡೆ. ಸೋಮವಾರ ಶಸ್ತ್ರಚಿಕಿತ್ಸೆ, ಆಮೇಲೆ ಧ್ವನಿ ಇರುವುದಿಲ್ಲ. ಅದಕ್ಕೂ ಮುಂಚೆ ಮುನ್ನೂರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವರು ಟೈಪು ಮಾಡಿದ್ದನ್ನು ಕಂಪ್ಯೂಟರ್ ಅವರದೇ ಧ್ವನಿಯಲ್ಲಿ ನುಡಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಅವನು ಮನೆಗೇ ಬಂದು ಜೋಡಿಸಿದ. ಯಂತ್ರವನ್ನು ತಂಪಾಗಿಡುವ ಫ್ಯಾನನ್ನು ಅವಳ ಕೈಗಿಟ್ಟು, ಅಡಿಯ ಹಾಳೆ ಸುಲಿದು ಕೂರಿಸಲು ಹೇಳಿದ. ಅವಳ ಕಣ್ಣು ಅವನ ಬೆರಳುಗಳ ಮೇಲಿತ್ತು... ಹೂಂ ಎಂದು ಕೂರಿಸಿದಳು. ಅವನು ತಿರುಪು ಬಿಗಿದ.

ಭಾನುವಾರ ಸಂಜೆಗೆ ಅಪ್ಪ ಮುನ್ನೂರೂ ಮುಗಿಸಿದರು. “ಇನ್ನೊಂದಿದೆ, ನಂದೇ ಮಾತು. ನೀನು ಆಚೆ ಇರು” ಎಂದು ಬಾಗಿಲು ಹಾಕಿಸಿದರು.

ಓದಿದ್ದರಿಂದ ಕಂಪ್ಯೂಟರ್ ಅವರ ಧ್ವನಿ ಹೆಣೆಯುವ ಕೆಲಸ ಶುರುವಾದ ಐದೇ ನಿಮಿಷಕ್ಕೆ ಯಂತ್ರ ಕಾದು ಆರಿಹೋಯಿತು. ಓದಿದ್ದೆಲ್ಲ ಇದ್ದ ಕಡತ ಮತ್ತೆ ತೆರೆಯಲೇ ಇಲ್ಲ. ಅಷ್ಟರಲ್ಲಿ ಅಪ್ಪನ ಗಂಟಲು ಕಟ್ಟಿಹೋಗಿತ್ತು.

ಅವನು ಓಡಿಬಂದ. ಪೆಟ್ಟಿಗೆ ತೆಗೆದು ಟಾರ್ಚು ಬಿಟ್ಟ. ಅವನ ಮುಖ ಸಪ್ಪಗಾಯಿತು.

“ತಪ್ಪು ನಂದೇ.”

“ಮುಟ್ಬೇಡಿ. ಹೋಗಿ.”

ಹೋದ.

ಶಸ್ತ್ರಚಿಕಿತ್ಸೆ ಮುಗಿಸಿ ಅಪ್ಪ ಸ್ಲೇಟು ಹಿಡಿದು ಮನೆಗೆ ಬಂದರು. ತನ್ನ ಟೈಪಿಂಗ್ ಕೆಲಸಕ್ಕೆಂದು ಅವಳು ಹಟದಿಂದ ಶೋರೂಮಿನ ದುಬಾರಿ ಕಂಪ್ಯೂಟರನ್ನೇ ತಂದಳು. ಆಮೇಲೆ ಎಂಟು ತಿಂಗಳು ಅವನ ಬೀದಿ ತುಳಿಯಲಿಲ್ಲ.

ಒಂದು ದಿನ ಆ ದುಬಾರಿ ಯಂತ್ರದ ಫ್ಯಾನು ನಿಂತಿತು. ಶೋರೂಮಿಗೆ ಹೋಗಲು ಅವನ ಬೀದಿಯನ್ನೇ ತುಳಿಯಬೇಕಲ್ಲ ಎಂದು, ‘ತೆರೆದರೆ ಗ್ಯಾರಂಟಿ ಇಲ್ಲ’ ಎಂಬ ಚೀಟಿ ಹರಿದು, ಹಳೆಯದರ ಫ್ಯಾನನ್ನಾದರೂ ಹಾಕೋಣವೆಂದು ಹಳೆಯ ಪೆಟ್ಟಿಗೆ ಬಿಚ್ಚಿದಳು.

ಫ್ಯಾನಿನ ಅಡಿಯಿಂದ ಕಂದಿದ ತೆಳು ಹಾಳೆಯ ಅಂಚು ಇಣುಕುತ್ತಿತ್ತು. ‘ಹಾಕುವ ಮೊದಲು ತೆಗೆಯಿರಿ.’ ಯಂತ್ರದ ಬಿಸಿ ಹೊರಹೋಗದಂತೆ ತಡೆದದ್ದು ಅದೇ.

ನಾನೇ... ನನ್ನ ಕೈಯಾರೆ!

ಹಾಳೆ ಹಿಡಿದೇ ಅಂಗಡಿಗೆ ಓಡಿದಳು.

“ಇದನ್ನ ಆವತ್ತೇ ನೋಡಿದ್ರಿ ಅಲ್ವಾ?”

“ನೋಡಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ? ಎಂಟು ತಿಂಗಳು ಶಾಪ ಹಾಕಿದೀನಿ ನಿಮ್ಗೆ.”

“ಅದನ್ನ ಹೊತ್ಕೊಂಡು ನೀವು ಬದುಕೋದು ಬೇಡ ಅನ್ನಿಸ್ತು. ಸುಳ್ಳೂ ಹೇಳ್ಲಿಲ್ಲ. ಬಿಗಿಯೋ ಮುಂಚೆ ನೋಡ್ಬೇಕಾದವನು ನಾನು. ಆಗ ನಾನೂ ಫ್ಯಾನ್ ನೋಡ್ತಿರ್ಲಿಲ್ಲ... ನಿಮ್ಮನ್ನ ನೋಡ್ತಿದ್ದೆ.”

ಅವಳು ನಿಂತಲ್ಲೇ ಅತ್ತಳು. ಅವನು ತನ್ನ ಸ್ಟೂಲನ್ನು ಎಳೆದು ಕೂರಿಸಿದ.

“ಆ ಹಳೇ ಕಂಪ್ಯೂಟರನ್ನೇ ಮತ್ತೆ ಇಬ್ರೂ ಸೇರಿ ಜೋಡಿಸೋಣ. ಹಾಳೆ ಮಾತ್ರ ನೀವೇ ಸುಲೀಬೇಕು.”

“ಸುಲಿದು ನಿಮ್ಮ ಹಣೆಗೇ ಅಂಟಿಸ್ತೀನಿ.”

ಆ ಸಂಜೆ ಇಬ್ಬರೂ ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಅಂದು ಬಾಗಿಲು ಹಾಕಿಸಿ ನುಡಿದದ್ದೇನೆಂದು ಅವಳು ಕೇಳಿದಳು. ಅಪ್ಪ ಅವಳನ್ನೇ ಬಹಳ ಹೊತ್ತು ನೋಡಿ, ಸ್ಲೇಟಿನ ಮೇಲೆ ಒಂದೇ ಪದ ಬರೆದರು.

‘ಮರೆತೆ.’

ನಿಜಕ್ಕೂ ಮರೆತರೋ, ಅವನ ಹಾಗೆಯೇ ಅವಳಿಗಾಗಿ ಮುಚ್ಚಿಟ್ಟರೋ... ನನಗೆ ಗೊತ್ತಿಲ್ಲ.